ಏಳನೇ ಗಾಳಿಗೋರಿ

ಮಾರ್ಚ್ 3, ಸೋಮವಾರ

ಫೋನಲ್ಲಿ ಕೆಂಪು ಚುಕ್ಕಿ ಮಿನುಗ್ತಾ ಇದೆ. ಅಂದ್ರೆ ಕೇಳಿಸ್ಕೊಳ್ತಾ ಇದೆ. ಹೀಗೆ ಮಾತು ರೆಕಾರ್ಡ್ ಮಾಡೋದು ಮಗಳು ಚಾಮ್ ಕಲಿಸಿಕೊಟ್ಟಿದ್ದು. "ಅಪ್ಪಾ, ದಿನಕ್ಕೆ ಐದು ಸಲ ಫೋನ್ ಮಾಡ್ತೀಯ, ನಾನು ಆಸ್ಪತ್ರೇಲಿ ಕೆಲಸ ಮಾಡೋದು ಯಾವಾಗ? ಇನ್ಮೇಲೆ ಹೇಳೋದನ್ನೆಲ್ಲ ಇದಕ್ಕೆ ಹೇಳು. ಇದಕ್ಕೆ ಬೇಜಾರಾಗಲ್ಲ" ಅಂದ್ಲು. ಹೆಂಡತಿ ಇದ್ದಾಗ ಅವಳಿಗೆ ಹೇಳ್ತಿದ್ದೆ. ಅವಳು ಹೋಗಿ ಹದಿನಾಲ್ಕು ತಿಂಗಳಾಯ್ತು. ಅಮ್ಮ ಇದಾಳೆ, ಆದ್ರೆ ಅಮ್ಮನ ಹತ್ರ ಮಾತಾಡೋದು ಅಂದ್ರೆ ಬಂಡೆ ಹತ್ರ ಮಾತಾಡಿದ ಹಾಗೆ. ಒಂದೇ ಮನೆ, ಒಂದೇ ಪಾತ್ರೆ ಅನ್ನ, ದಿನಕ್ಕೆ ಹತ್ತು ಮಾತಾದ್ರೆ ಅದೇ ಹೆಚ್ಚು.

ಇವತ್ತು ಕಚೇರಿಯೋರು ಟೇಪು ಹಿಡ್ಕೊಂಡು ಬಂದಿದ್ರು. ಕಡಲಂಚಿಗೆ ರಸ್ತೆ ಬರುತ್ತಂತೆ. ನಮ್ಮ ಬೆಳ್ಳುಳ್ಳಿ ಹೊಲಕ್ಕೆ ಏನೂ ಆಗಲ್ಲ, ಅದರ ಪಕ್ಕದ ಗಾಳಿಗೋರಿ ಸಾಲು ಮಾತ್ರ ಹೋಗ್ಬೇಕು. ಗೋರಿ ಗುಡಿಸೋ ಹಬ್ಬದೊಳಗೆ ಗುಡ್ಡದ ಕೆಳಗಿನ ಹೊಸ ಜಾಗಕ್ಕೆ ಸಾಗಿಸಬೇಕು. ಯಾವುದು ಯಾರದು ಅಂತ ಇಪ್ಪತ್ತೈದನೇ ತಾರೀಕಿನೊಳಗೆ ಬರೆಸಬೇಕು. ವಾರಸುದಾರರು ಇಲ್ಲದ್ದನ್ನ ಅನಾಥ ಆತ್ಮಗಳ ಗುಡಿ ಹಿಂದಿನ ಗುಂಡಿಗೆ ಹಾಕ್ತಾರೆ, ಎಲ್ಲಾ ಒಟ್ಟಿಗೆ, ಹೆಸರಿಲ್ಲದೆ.

ಕಚೇರಿ ಹುಡುಗಿ ಬೀಕ್ ಸಾಲಿನುದ್ದಕ್ಕೂ ಎರಡು ಸಲ ನಡೆದ್ಲು. "ಚಿಕ್ಕಪ್ಪ, ಎಂಬತ್ತಮೂರರಲ್ಲಿ ಮುಳುಗಿದ ದೋಣೀಲಿ ಎಷ್ಟು ಜನ ಇದ್ರು?"

"ಆರು ಜನ. ನಮ್ಮಪ್ಪನೂ ಸೇರಿ."

"ಮತ್ತೆ ಗೋರಿ ಏಳಿದೆ?"

ನಾನು ನಕ್ಕೆ. ಆಮೇಲೆ ನಾನೂ ಎಣಿಸಿದೆ. ಏಳೇ ಇದೆ! ಸಮುದ್ರದಲ್ಲಿ ಹೋಗಿ ಹೆಣ ಸಿಗದವನಿಗೆ ನಮ್ಮಲ್ಲಿ ಮಣ್ಣಿನ ಮನುಷ್ಯನ್ನ ಮಾಡಿ ಹೂಳ್ತಾರೆ, ಅದನ್ನೇ ಗಾಳಿಗೋರಿ ಅನ್ನೋದು. ಆರು ಜನಕ್ಕೆ ಆರು ಮಣ್ಣಿನ ಮನುಷ್ಯರು. ಆರು ಕಲ್ಲಲ್ಲಿ ಹೆಸರಿದೆ. ಏಳನೇದು ಅಪ್ಪನ ಪಕ್ಕಕ್ಕೇ ಇದೆ, ಬರೀ ಕರೀ ಕಲ್ಲು, ಒಂದಕ್ಷರ ಇಲ್ಲ. ನಲವತ್ತೆರಡು ವರ್ಷದಿಂದ ಏಳಕ್ಕೂ ಊದುಬತ್ತಿ ಹಚ್ಚಿದೀನಿ, ಒಂದು ಸಲಾನೂ ಎಣಿಸಿಲ್ಲ ನೋಡು. ಮನುಷ್ಯನ ಕಣ್ಣು ಎಂಥಾದ್ದು!

ಮಾರ್ಚ್ 5, ಬುಧವಾರ

ಕುಲದ ಮನೆ ಪುಸ್ತಕ ತೆಗೆಸಿ ನೋಡಿದೆ. ಆರೇ ಹೆಸರು. ಮೊದಲನೇದು ದೋಣಿ ನಡೆಸಿದವನದು, ಅಂದ್ರೆ ನಮ್ಮೂರ ದೌ ಅಣ್ಣನ ಅಪ್ಪಂದು. ಕೊನೇದು ನಮ್ಮಪ್ಪಂದು, ಯೂಂಗ್ ಲಾಮ್, ವಯಸ್ಸು ಮೂವತ್ತೊಂದು. ಈಗ ನನಗಿಂತ ಹತ್ತೊಂಬತ್ತು ವರ್ಷ ಚಿಕ್ಕವನು ನಮ್ಮಪ್ಪ. ಎದುರಿಗೆ ಬಂದ್ರೆ ನನ್ನನ್ನ ಚಿಕ್ಕಪ್ಪ ಅಂತ ಕರೀಬೇಕು.

ಊಟದ ಹೊತ್ತಲ್ಲಿ ಅಮ್ಮನನ್ನ ಕೇಳಿದೆ. "ಅಮ್ಮ, ಅಪ್ಪನ ಪಕ್ಕದ ಗೋರಿ ಯಾರದು?"

"ಅನ್ನ ಆರುತ್ತೆ. ಉಣ್ಣು."

"ಯಾರದೋ ಇರಬೇಕಲ್ಲ?"

"ಮೀನಲ್ಲಿ ಮುಳ್ಳಿದೆ, ನೋಡ್ಕೊಂಡು."

ನನಗೆ ಐವತ್ತು. ಮೀನು ತಿನ್ನೋದು ಹೇಗೆ ಅಂತ ಇನ್ನೂ ಹೇಳಿಕೊಡ್ತಾಳೆ. ಈ ದ್ವೀಪದಲ್ಲಿ ಹುಟ್ಟಿ ದೋಣಿ ಹತ್ತದ ಗಂಡಸು ಅಂದ್ರೆ ನಾನೊಬ್ಬನೇ. ಹದಿನಾರು ವರ್ಷಕ್ಕೆ ಒಂದು ಸಲ ಹೊರಟಿದ್ದೆ. ಅಮ್ಮ ದಡದ ನೀರಲ್ಲಿ ಸೊಂಟದ ತನಕ ನಿಂತು ದೋಣಿ ಹಗ್ಗ ಹಿಡ್ಕೊಂಡ್ಲು. ಕೂಗಲಿಲ್ಲ, ಅಳಲಿಲ್ಲ. ಸುಮ್ನೆ ಹಿಡ್ಕೊಂಡಿದ್ಲು, ನಾನು ಇಳಿಯೋ ತನಕ. ಇಡೀ ಊರು ನೋಡ್ತು. ಅವತ್ತಿಂದ ನಾನೂ ಅವಳ ಹತ್ರ ಲೆಕ್ಕಕ್ಕಿಂತ ಹೆಚ್ಚು ಮಾತಾಡಿಲ್ಲ ಅನ್ಸುತ್ತೆ. ಇರಲಿ, ಅದು ಹಳೇ ಕತೆ. ಇದು ಹೊಸದು. ಏಳನೇಯವನು ಯಾರು?

ಮಾರ್ಚ್ 9, ಭಾನುವಾರ

ಏನಾಯ್ತು ಗೊತ್ತಾ! ನಿಧಾನಕ್ಕೆ ಹೇಳ್ತೀನಿ, ಇಲ್ಲಾಂದ್ರೆ ಆಮೇಲೆ ಕೇಳಿದಾಗ ನನಗೇ ಅರ್ಥ ಆಗಲ್ಲ.

ಮಣ್ಣಿನ ಮನುಷ್ಯರನ್ನ ಮಾಡೋ ಗುರು ಈಗ ನ್ಯಾಮ್. ಅರವತ್ತೆರಡಾಗಿದೆ. ಆ ಆರು ಜನರನ್ನ ಮಾಡಿದ್ದು ಇವರ ಗುರುಗಳು, ತೀರಿಕೊಂಡು ಎಷ್ಟೋ ವರ್ಷ ಆಯ್ತು. ಆಗ ಇವರು ಶಿಷ್ಯ, ಮಣ್ಣು ಹೊರೋ ಕೆಲಸ. ಪೆಟ್ಟಿಗೆ ಒಳಗೆ ಹೆಸರು ಬರೆದ ಮರದ ಚೂರು ಇಡೋದು ವಾಡಿಕೆ, ಹಾಗಾಗಿ ಏಳನೇದನ್ನ ತೆಗೆದು ನೋಡೋಣ ಅಂದೆ. ಅವರು ಬೇಡ, ಬೇಡ ಅಂದ್ರು. ದೌ ಅಣ್ಣ ಹಾರೆ ಹಿಡ್ಕೊಂಡು ಬಂದೇಬಿಟ್ಟಿದ್ದ. "ಗುರುಗಳೇ, ಮಂತ್ರ ಹೇಳಿ, ನಾನು ಅಗೀತೀನಿ. ಇಬ್ಬರದೂ ಬೇಗ ಮುಗಿಯುತ್ತೆ."

ಮರಳು ಮೃದು. ಪೆಟ್ಟಿಗೆ ಮರ ಎಲ್ಲಾ ಹುಡಿ ಆಗಿತ್ತು. ಒಳಗೆ ಮಣ್ಣಿನ ಮನುಷ್ಯ ಮಾತ್ರ ಹಾಗೇ ಮಲಗಿದ್ದ, ಮೊಳದುದ್ದಕ್ಕಿಂತ ಸ್ವಲ್ಪ ದೊಡ್ಡದು. ಹಳೇ ಜ್ವಾಲಾಮುಖಿ ಗುಡ್ಡದ ಬಾಯಿಯ ಕೆಂಪು ಮಣ್ಣು, ಹತ್ತಿ ಹಾಕಿ ಕುಟ್ಟಿದ್ದು, ಕಲ್ಲಿನ ಹಾಗಿದೆ. ಮೂಗು ಮಾತ್ರ ಚಪ್ಪಟೆ. ಹೆಸರಿನ ಚೂರು ಇಲ್ಲ.

ಆದ್ರೆ ಒಂದು ಪಕ್ಕ ಮಣ್ಣು ಬಿರುಕು ಬಿಟ್ಟಿತ್ತು. ಪಕ್ಕೆಲುಬಿನ ಬದಲು ಹಿಪ್ಪುನೇರಳೆ ಕಡ್ಡಿ ಇಡ್ತಾರಲ್ಲ, ಆ ಕಡ್ಡಿಗಳು ಕರಗಿ ತೂತುಗಳು ಉಳಿದಿದ್ವು. ನ್ಯಾಮ್ ಗುರುಗಳು ಬಟ್ಟೆ ಮುಚ್ಚೋಕೆ ಹೋದ್ರು. ಅಷ್ಟರಲ್ಲಿ ದೌ ಅಣ್ಣ ಎಣಿಸಿಬಿಟ್ಟ. "ಏಳು... ಎಂಟು... ಒಂಬತ್ತು!"

ಗಂಡಸಿಗೆ ಏಳು ಪಕ್ಕೆಲುಬು ಇಡ್ತಾರೆ. ಒಂಬತ್ತು ಇಡೋದು ಹೆಂಗಸಿಗೆ.

ತಲೆ ಹತ್ರ ಎಣ್ಣೆ ಬಟ್ಟೇಲಿ ಸುತ್ತಿದ ಒಂದು ಜಡೆ ಇತ್ತು. ನಿಜವಾದ ಕೂದಲು. ಕಪ್ಪಗೆ, ನನ್ನ ಕೈಯುದ್ದ. ನಿನ್ನೆ ಕತ್ತರಿಸಿದ ಹಾಗೆ.

ಮಾರ್ಚ್ 11, ಮಂಗಳವಾರ

ಚಹಾ ಅಂಗಡಿಗೆ ಹೋಗಬಾರದಿತ್ತು.

"ಲೇ ಖೋಯ್, ಹೊಸ ಅಮ್ಮ ಹೇಗಿದಾಳೆ?" ಅಂದ ದೌ ಅಣ್ಣ. ಎಲ್ಲಾರೂ ನಕ್ರು.

"ದೋಣಿ ನಿಮ್ಮಪ್ಪಂದು, ಅಣ್ಣ. ಹತ್ತಿಸಿದ್ದೂ ನಿಮ್ಮಪ್ಪನೇ ಇರಬೇಕು."

ಅವನ ಮುಖ ಕೆಂಪಾಯ್ತು. "ನಮ್ಮಪ್ಪ ಹೆಂಗಸಿನ ಚಪ್ಪಲಿ ಕೂಡ ದೋಣಿಗೆ ಮುಟ್ಟಿಸ್ತಿರಲಿಲ್ಲ. ಹೆಂಗಸು ಹತ್ತಿದ್ರೆ ದೋಣಿ ಉಳಿಯಲ್ಲ ಅಂತ ಗೊತ್ತಿಲ್ವಾ ನಿಂಗೆ? ಅವಳು ಮಲಗಿರೋದು ಯಾರ ಪಕ್ಕದಲ್ಲಿ? ನಿಮ್ಮಪ್ಪನ ಪಕ್ಕದಲ್ಲಿ! ಕಳ್ಳತನದಲ್ಲಿ ಹತ್ತಿಸ್ಕೊಂಡ, ಆರು ಜನರನ್ನೂ ಮುಳುಗಿಸಿದ."

ನಾನು ಚಹಾ ಅರ್ಧಕ್ಕೆ ಬಿಟ್ಟು ಬಂದೆ. ನನಗೆ ಆ ಹೆಂಗಸು ದೋಣಿ ಮುಳುಗಿಸಿದ್ಲು ಅನ್ನೋದ್ರಲ್ಲಿ ನಂಬಿಕೆ ಇಲ್ಲ. ಗಾಳಿ ಮುಳುಗಿಸ್ತು. ಆದ್ರೆ ಯಾರವಳು? ಅಪ್ಪನಿಗೆ ಏನಾಗ್ಬೇಕು? ಮನೇಲಿ ದಿನಾ ಅಪ್ಪನ ಫೋಟೋ ಮುಂದೆ ಚಹಾ ಇಡೋಳು ಅಮ್ಮ. ಇದು ಅವಳ ಕಿವಿಗೆ ಬೀಳಬಾರದು. ದೌ ಅಣ್ಣನಿಗೆ ಹೋಗಿ ಅದನ್ನೂ ಹೇಳಿ ಬಂದೆ. "ನನ್ನನ್ನ ಏನು ಬೇಕಾದ್ರೂ ಅನ್ನು, ಅಣ್ಣ. ಅಮ್ಮನ ಮುಂದೆ ಬೇಡ." ಅದಕ್ಕೆ ಮಾತ್ರ ಒಪ್ಪಿದ, ಪುಣ್ಯಾತ್ಮ.

ಮಾರ್ಚ್ 13, ಗುರುವಾರ

ನ್ಯಾಮ್ ಗುರುಗಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೂತು ಹಿಪ್ಪುನೇರಳೆ ಕಡ್ಡಿ ಸಿಪ್ಪೆ ತೆಗೀತಿದ್ರು.

"ಗುರುಗಳೇ, ನಿಮಗೆ ಗೊತ್ತು. ಅವತ್ತು ಬೇಡ ಬೇಡ ಅಂದಾಗಲೇ ನನಗೆ ಅನುಮಾನ ಬಂತು."

"ಗೊತ್ತು."

"ಹೇಳಿ ಮತ್ತೆ."

"ನಮ್ಮ ಗುರುಗಳು ನನ್ನಿಂದ ಆಣೆ ತಗೊಂಡಿದಾರೆ ಕಣಪ್ಪ. ನಿಮ್ಮಮ್ಮ ಬದುಕಿರೋ ತನಕ ನಾನು ಬಾಯಿ ಬಿಡೋ ಹಾಗಿಲ್ಲ."

ಇನ್ನೇನು ಬೇಕು? ಅಮ್ಮನಿಂದ ಮುಚ್ಚಿಡಬೇಕಾದ ಹೆಂಗಸು ಅಂದ್ರೆ ಎಂಥವಳು ಅಂತ ಸಣ್ಣ ಮಗುಗೂ ಗೊತ್ತಾಗುತ್ತೆ.

"ಕಚೇರಿಯೋರು ಗುಂಡಿಗೆ ಹಾಕ್ತಾರೆ, ಗುರುಗಳೇ."

ಅವರ ಕೈಲಿದ್ದ ಚಾಕು ನಿಂತೇಹೋಯ್ತು. "ಹಾಕೋಕೆ ಬಿಡಬೇಡ. ಬೇರೆ ಯಾರನ್ನ ಹಾಕಿದ್ರೂ ಅವಳನ್ನ ಹಾಕೋಕೆ ಬಿಡಬೇಡ" ಅಂದ್ರು. ಯಾಕೆ ಅಂತ ಮಾತ್ರ ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಅಪ್ಪನ ಫೋಟೋಗೆ ಇವತ್ತು ಚಹಾ ಇಡೋಕೆ ಅಮ್ಮ ನನಗೆ ಹೇಳಿದ್ಲು. ಇಟ್ಟೆ. ಮುಖ ನೋಡಲಿಲ್ಲ.

ಮಾರ್ಚ್ 17, ಸೋಮವಾರ

ಮಗಳಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅರ್ಧ ಕೇಳಿ ಒಂದು ಪ್ರಶ್ನೆ ಕೇಳಿದ್ಲು. "ಅಪ್ಪಾ, ಸಮುದ್ರದಲ್ಲಿ ಹೋದೋಳ ಕೂದಲು ಇವರಿಗೆ ಹೇಗೆ ಸಿಕ್ತು?"

ನಾನು ಫೋನ್ ಹಿಡ್ಕೊಂಡು ಹೊಲದ ಮಧ್ಯ ಕೂತುಬಿಟ್ಟೆ. ಹೌದಲ್ವಾ! ಹೆಣ ಸಿಕ್ಕಿಲ್ಲ ಅಂತಾನೇ ಮಣ್ಣಿನ ಮನುಷ್ಯ ಮಾಡೋದು. ಒಂದು ಉಗುರು ಸಿಕ್ಕಿದ್ರೂ ಅದನ್ನೇ ಹೂಳ್ತಿದ್ರು. ಜಡೆ ಸಿಕ್ಕಿದೆ ಅಂದ್ರೆ ಅವಳು ಸಮುದ್ರಕ್ಕೆ ಹೋಗೇ ಇಲ್ಲ. ದಡದಲ್ಲಿದ್ಲು. ಯಾರೋ ಕತ್ತರಿ ಹಿಡ್ಕೊಂಡು ಕತ್ತರಿಸಿದಾರೆ, ನೀಟಾಗಿ, ಒಂದೇ ಸಲಕ್ಕೆ. ಬದುಕಿದ್ದವಳ ಜಡೆ ಅದು.

ಹಾಗಾದ್ರೆ ಇನ್ನೂ ಇದಾಳಾ? ಇವತ್ತು ಸಂತೇಲಿ ಎಪ್ಪತ್ತರ ಆಸುಪಾಸಿನ ಹೆಂಗಸರನ್ನೆಲ್ಲ ನೋಡ್ತಾ ನಿಂತೆ. ಇವಳಾ, ಅವಳಾ, ಕೆಂಪು ಛತ್ರಿಯವಳಾ? ಮೀನು ಮಾರೋ ಅಜ್ಜಿ ನನ್ನ ಮೇಲೆ ನೀರು ಎರಚಿದ್ರು. "ಏನೋ ನೋಡ್ತೀಯ? ಮುದುಕಿ ಬೇಕಾ, ಮೀನು ಬೇಕಾ?"

ಮೀನು ತಗೊಂಡು ಬಂದೆ.

ಮಾರ್ಚ್ 20, ಗುರುವಾರ

ತೀರ್ಮಾನ ಮಾಡಿದೀನಿ. ಕಚೇರಿಗೆ ಹೋಗಿ ಅರ್ಜಿ ತಂದೆ. 'ಈ ಗೋರಿಗೂ ನಮ್ಮ ಕುಟುಂಬಕ್ಕೂ ಸಂಬಂಧ ಇಲ್ಲ' ಅಂತ ಅಚ್ಚಾಗಿದೆ, ಕೆಳಗೆ ಸಹಿ ಹಾಕಿದ್ರೆ ಮುಗೀತು. ನ್ಯಾಮ್ ಗುರುಗಳು ಬೇಡ ಅಂದ್ರು ನಿಜ. ಆದ್ರೆ ಅವರಿಗೆ ಅವಳ ಚಿಂತೆ, ನನಗೆ ಅಮ್ಮನ ಚಿಂತೆ. ಹೊಸ ಜಾಗದಲ್ಲೂ ಇವಳನ್ನ ಅಪ್ಪನ ಪಕ್ಕ ಮಲಗಿಸಿ, ಅಮ್ಮ ಹೋದ್ಮೇಲೆ ಅಮ್ಮನನ್ನ ಎಲ್ಲಿಡ್ಲಿ? ಕಾಲ ಹತ್ರಾನಾ?

ಅಮ್ಮನ ಪರವಾಗಿ ನಾನು ಇಷ್ಟು ಸಿಟ್ಟಾಗ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ಬೀಕ್ ಕೇಳಿದ್ಲು, "ಖಂಡಿತಾನಾ, ಚಿಕ್ಕಪ್ಪ? ಒಂದ್ಸಲ ಗುಂಡಿಗೆ ಹೋದ್ಮೇಲೆ ತೆಗೆಯೋಕಾಗಲ್ಲ." ಖಂಡಿತ ಅಂದೆ. ಆದ್ರೂ ಸಹಿ ಅಲ್ಲೇ ಹಾಕಲಿಲ್ಲ, ಪೆನ್ನು ಸರಿ ಇರಲಿಲ್ಲ. ಅರ್ಜೀನ ಬೆಳ್ಳುಳ್ಳಿ ಬುಟ್ಟಿ ಕೆಳಗೆ ಇಟ್ಟಿದೀನಿ.

ಮಾರ್ಚ್ 21, ಶುಕ್ರವಾರ

ಯಾವ ಕಡೆಯಿಂದ ಶುರು ಮಾಡ್ಲಿ?

ಬೆಳಿಗ್ಗೆ ಜಗಲೀಲಿ ಅಮ್ಮ ಬೆಳ್ಳುಳ್ಳಿ ಬೇರು ಕತ್ತರಿಸ್ತಾ ಕೂತಿದ್ಲು. ಎದುರಿಗೆ ಆ ಅರ್ಜಿ ಹರಡಿತ್ತು, ಗಾಳಿಗೆ ಹಾರದ ಹಾಗೆ ಮೇಲೊಂದು ಗೆಡ್ಡೆ ಇಟ್ಟಿದ್ಲು.

"ಇದಕ್ಕೆ ಸಹಿ ಹಾಕ್ತೀಯಾ?"

"ಅಮ್ಮ, ಅದು ಯಾರೋ ಏನೋ... ಹಳೇ ಗೋರಿ..."

"ಸಂತೇಲಿ ಮುದುಕಿಯರನ್ನೆಲ್ಲ ದಿಟ್ಟಿಸ್ತಿದ್ಯಂತೆ. ಮೀನಿನವಳು ಹೇಳಿದ್ಲು. ಇಲ್ಲೊಬ್ಬಳು ಕೂತಿದೀನಿ, ಇವಳನ್ನ ಯಾಕೆ ನೋಡಲಿಲ್ಲ?"

ನನಗೆ ಅರ್ಥಾನೇ ಆಗಲಿಲ್ಲ. ಅಮ್ಮ ಕತ್ತರಿ ಕೆಳಗಿಟ್ಲು. ಆಮೇಲೆ ಮಾತಾಡಿದ್ಲು. ನಾನು ಹುಟ್ಟಿದಾಗಿಂದ ಅವಳು ಅಷ್ಟು ಮಾತಾಡಿದ್ದು ಕೇಳಿಲ್ಲ. ಅವಳು ಹೇಳಿದ ಹಾಗೇ ಹೇಳ್ತೀನಿ, ಮರೆತುಹೋಗೋ ಮುಂಚೆ.

"ಆರು ಜನರನ್ನ ಹೂಳಿ ಮೂರು ತಿಂಗಳಾಗಿತ್ತು. ನನಗೆ ಇಪ್ಪತ್ತೇಳು. ನಿನ್ನನ್ನ ಅಕ್ಕನ ಮನೇಲಿ ಬಿಟ್ಟು ಸಮುದ್ರಕ್ಕೆ ಹಾರೋಕೆ ಅಂತ ಬಂಡೆ ತುದಿಗೆ ಹೋದೆ. ಒಂದು ದಿನ ಅಲ್ಲ, ಮೂರು ದಿನ ಹೋದೆ. ಮೂರನೇ ದಿನ ನ್ಯಾಮನ ಗುರುಗಳು ಅಲ್ಲಿ ಕೂತಿದ್ರು. ಬೇಡಮ್ಮ ಅಂತ ಹೇಳ್ತಾರೆ, ಮಗು ಇದೆ ಅಂತಾರೆ ಅಂದ್ಕೊಂಡೆ. ಎಲ್ಲಾರೂ ಅದನ್ನೇ ಹೇಳ್ತಿದ್ರು. ಅವರು ಏನಂದ್ರು ಗೊತ್ತಾ? 'ಹೋಗಲೇಬೇಕಾ?' ಹೂಂ ಅಂದೆ. 'ಸರಿ, ಕ್ರಮವಾಗಿ ಹೋಗು. ನಾಳೆ ಬಾ, ಗುಡ್ಡದ ಮಣ್ಣು ತರಿಸ್ತೀನಿ' ಅಂದ್ರು.

ಮಣ್ಣು ನನ್ನ ಕೈಲೇ ನಾದಿಸಿದ್ರು. ಒಂಬತ್ತು ಕಡ್ಡಿ ನನ್ನ ಕೈಲೇ ಇಡಿಸಿದ್ರು. 'ಮುಖ ನೀನೇ ಮಾಡು' ಅಂದ್ರು. ಕನ್ನಡಿ ಇಲ್ಲ, ಏನಿಲ್ಲ. ಮೂಗು ಕೆಟ್ಟುಹೋಯ್ತು. ಕೊನೇಗೆ 'ಇವಳಿಗೆ ನಿನ್ನದು ಏನಾದ್ರೂ ಕೊಟ್ಟು ಕಳಿಸು' ಅಂದ್ರು. ಜಡೆ ಕತ್ತರಿಸಿಕೊಟ್ಟೆ. ಆ ವಾರ ಚಂಡಮಾರುತ, ಊರೋರೆಲ್ಲ ಬಾಗಿಲು ಹಾಕ್ಕೊಂಡು ಒಳಗಿದ್ರು. ಮಧ್ಯಾಹ್ನ ಆ ಮಳೇಲಿ ನಾವು ಮೂರೇ ಜನ, ನಾನು, ಗುರುಗಳು, ಈ ನ್ಯಾಮ್. ನಿಮ್ಮಪ್ಪನ ಪಕ್ಕ ಹೂಳಿದ್ವಿ. ಗುರುಗಳು ಅಂದ್ರು, 'ಲಾಮನ ಹೆಂಡತಿ ಲಾಮನ ಜೊತೆ ಹೋದಳು. ಅವಳ ವಿಷಯ ಮುಗೀತು. ಇಲ್ಲಿ ನಿಂತಿರೋಳು ಮಗನ ತಾಯಿ. ಮನೆಗೆ ಹೋಗಿ ಅನ್ನಕ್ಕಿಡು.' ಬಂದೆ. ಇಟ್ಟೆ."

ಅನ್ನದ ವಿಷಯ ಹೇಳಿದ ತಕ್ಷಣ ನನಗೆ ನೆನಪಾಯ್ತು. ಕೂದಲು ಗಿಡ್ಡ ಆಗಿ, ಒದ್ದೆ ಆಗಿ ಬಾಗಿಲಲ್ಲಿ ನಿಂತಿದ್ಲು. ನಾನು ಎಂಟು ವರ್ಷದೋನು. ಹೆದರಿ ಅತ್ತಿದ್ದೆ. "ನೀನು ನಮ್ಮಮ್ಮ ಅಲ್ಲ, ನೀನು ನಮ್ಮಮ್ಮ ಅಲ್ಲ" ಅಂತ.

"ಅಮ್ಮ, ಅವತ್ತು ನಾನು..."

"ನೀನು ಸರಿಯಾಗೇ ಹೇಳಿದ್ದೆ" ಅಂದ್ಲು. ಕತ್ತರಿ ಮತ್ತೆ ಕೈಗೆ ತಗೊಂಡ್ಲು. "ಬದುಕಿರೋಳಿಗೆ ಗೋರಿ ಅಂದ್ರೆ ಊರೋರು ಅಪಶಕುನ ಅಂತಿದ್ರು. ಅದಕ್ಕೇ ಗುಟ್ಟು. ಈಗ ಗುಂಡಿಗೆ ಹಾಕ್ತೀಯೋ ಎಲ್ಲಿಗೆ ಹಾಕ್ತೀಯೋ, ನಿನಗೆ ಬಿಟ್ಟಿದ್ದು. ಪಾಪ, ಒಬ್ಬಳೇ ಹೋಗ್ತಾಳೆ, ಅಷ್ಟೇ."

ಅರ್ಜೀನ ಒಲೆಗೆ ಹಾಕಿದೆ.

ಮಾರ್ಚ್ 22, ಶನಿವಾರ

ನಿನ್ನೆಯಿಂದ ಅಮ್ಮನನ್ನ ಕೇಳ್ತಾನೇ ಇದೀನಿ. ಹಿಪ್ಪುನೇರಳೆ ಕಡ್ಡಿ ಹಸೀದೋ ಒಣಗಿದ್ದೋ? ಮಣ್ಣಿನ ಮುಖ ಮಾಡುವಾಗ ಏನನ್ಸ್ತು? ಆಮೇಲೆ ಯಾವತ್ತೂ ಬಂಡೆ ಹತ್ರ ಹೋಗ್ಬೇಕು ಅನ್ನಿಸಲಿಲ್ವಾ? "ಅನ್ನಿಸ್ತಿತ್ತು. ಆದ್ರೆ ಹೋಗೋಳು ಆಗಲೇ ಹೋಗಿಬಿಟ್ಟಿದ್ಲಲ್ಲ" ಅಂದ್ಲು. ನಾನು ದೋಣಿ ಹತ್ತಿದ ದಿನದ ಬಗ್ಗೆನೂ ಕೇಳಿದೆ. "ಇನ್ನೊಂದು ಸಲ ಮಣ್ಣು ನಾದೋ ಶಕ್ತಿ ನನಗಿರಲಿಲ್ಲ ಕಣೋ."

ಇನ್ನೂ ಕೇಳೋದಿದೆ. ಕರೀತಿದಾಳೆ, ಬರ್ತೀನಿ.

ಮಾರ್ಚ್ 25, ಮಂಗಳವಾರ

ಅಮ್ಮನೂ ಕಚೇರಿಗೆ ಬಂದಿದ್ಲು. ಬೀಕ್ ಎಲ್ಲಾ ಕೇಳಿಸ್ಕೊಂಡು ಪೆನ್ನು ಬಾಯಲ್ಲಿಟ್ಕೊಂಡ್ಲು. "ಅಜ್ಜಿ, ನಿಮ್ಮ ಹೆಸರು ಲ್ಯೂ ಅಂತ ಸತ್ತೋರ ಪಟ್ಟಿಗೆ ಬರೆದ್ರೆ ಮುಂದಿನ ತಿಂಗಳಿಂದ ನಿಮ್ಮ ಪಿಂಚಣಿ ನಿಲ್ಲುತ್ತೆ."

"ನನ್ನ ಹೆಸರು ಯಾಕೆ ಬರೀತೀಯ? ಅವಳು ನಾನಲ್ಲ. ಅವಳಿಗೆ ಇಪ್ಪತ್ತೇಳು. ತೇಪ್ ಅಂತ ಬರಿ."

ತೇಪ್ ಅಂದ್ರೆ ಸಿಗಡಿಮರಿ. ಅಪ್ಪ ಮನೇಲಿ ಹಾಗೆ ಕರೀತಿದ್ದನಂತೆ. ಐವತ್ತು ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಇವತ್ತೇ ಮೊದಲು.

"ಗಂಡನ ಹೆಸರು ಯೂಂಗ್ ಲಾಮ್," ಬೀಕ್ ಬರ್ಕೊಂಡ್ಲು. "ವಾರಸುದಾರ ಚಿಕ್ಕಪ್ಪ ನೀವೇ ಅಲ್ವಾ? ಸತ್ತೋರು ನಿಮಗೆ ಏನಾಗ್ಬೇಕು?"

"ಅಮ್ಮ" ಅಂದೆ.

ಬೀಕ್ ನನ್ನನ್ನೊಂದು ಸಲ ನೋಡಿದ್ಲು, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸ್ಕೊಳ್ತಿದ್ದ ಅಮ್ಮನನ್ನೊಂದು ಸಲ ನೋಡಿದ್ಲು. ಬರೆದ್ಲು. ಮುದ್ರೆ ಒತ್ತಿದ್ಲು.

ಮಾರ್ಚ್ 30, ಭಾನುವಾರ

ಐದು ದಿನದಿಂದ ಇದನ್ನ ಮುಟ್ಟೇ ಇಲ್ಲ, ಪುರುಸೊತ್ತಾಗಲಿಲ್ಲ.

ಏಳು ಹೊಸ ಪೆಟ್ಟಿಗೆ. ಮುಂದೆ ದೌ ಅಣ್ಣ ಶಂಖ ಊದ್ಕೊಂಡು ಹೋದ. ಅವನಿಗೆ ಹೇಳಿದ್ದು ಅಮ್ಮನೇ. ಕೇಳಿದ್ಮೇಲೆ ತುಂಬಾ ಹೊತ್ತು ತಲೆ ಕೆರ್ಕೊಂಡ. "ಸದ್ಯ ಚಿಕ್ಕಮ್ಮ, ನಮ್ಮಪ್ಪ ಯಾರನ್ನೂ ಹತ್ತಿಸಲಿಲ್ಲ" ಅಂದ. ಆಮೇಲೆ ಅತ್ತ.

ಆರು ಪೆಟ್ಟಿಗೆ ಗಾಡೀಲಿ ಹೋಯ್ತು. ಏಳನೇದನ್ನ ಅಮ್ಮ ಗಾಡಿಗೆ ಕೊಡಲಿಲ್ಲ. ನನ್ನ ಬೈಕ್ ಹಿಂದೆ ಕೂತು ತೊಡೆ ಮೇಲೆ ಇಟ್ಕೊಂಡ್ಲು.

"ನಿಧಾನ ಹೋಗೋ. ಇವಳು ಬೈಕ್ ಮೇಲೆ ಕೂತೋಳಲ್ಲ."

"ಹೆದರ್ತಾಳಾ?"

"ಇವಳಾ? ಖುಷಿ ಪಡ್ತಾಳೆ. ಹೆದರಿಕೆ ನನಗೆ."

ಗುಡ್ಡದ ಕೆಳಗೆ ಗುಂಡಿಗಳು ತಯಾರಿದ್ವು. ನ್ಯಾಮ್ ಗುರುಗಳು ಅಪ್ಪನ ಪೆಟ್ಟಿಗೆ ಇಳಿಸಿದ್ರು. ನಾನು ಅಮ್ಮನನ್ನ ಕೇಳಿದೆ, ನಿನಗೂ ಇಲ್ಲೇ ಜಾಗ ಬಿಡಿಸ್ಲಾ ಅಂತ. ನಕ್ಕುಬಿಟ್ಲು. "ಅವರಿಗೆ ಮೂವತ್ತೊಂದು. ನನ್ನನ್ನ ನೋಡಿ ಅಜ್ಜಿ ಕೂತ್ಕೊಳ್ಳಿ ಅಂತಾರೆ. ನನ್ನನ್ನ ನಿನ್ನ ಹೆಂಡತಿ ಪಕ್ಕ ಹಾಕು. ಅವಳು ಮಾತಾಡ್ತಿದ್ಲು, ಹೊತ್ತು ಹೋಗುತ್ತೆ."

ಏಳನೇ ಪೆಟ್ಟಿಗೇನ ನಾನೇ ಗುಂಡಿಗೆ ಇಳಿದು ಇಟ್ಟೆ, ಅಪ್ಪನ ಬಲಗಡೆ, ಮೊದಲು ಇದ್ದ ಹಾಗೇ. ಮಣ್ಣು ಎಳೀಬೇಕು ಅನ್ನೋವಾಗ ಅಮ್ಮ ತಡೆದ್ಲು.

"ಆ ಕಡೆ ಅಲ್ಲ, ಎಡಗಡೆ ಇಡು. ಅವತ್ತು ಮಳೇಲಿ ಗುರುಗಳು ಗಡಿಬಿಡಿ ಮಾಡಿದ್ರು, ನನಗೂ ಹೇಳೋಕೆ ನಾಚಿಕೆ ಆಯ್ತು."

"ಯಾಕಮ್ಮ, ಎಡಗಡೆ ಏನು?"

"ಅವರು ಎಡಕ್ಕೆ ತಿರುಗಿ ಮಲಗ್ತಿದ್ರು."